ಅಲ್ಲಿ ಕೂಡೋದು ಖರೇ ರೊಕ್ಕ ಏನ್ರೀ?

ಗೋಕಾಕಿನಿಂದ ಒಬ್ಬ ತಂದೆ ಕೇಳಿದ್ದಾರೆ: "ನನ್ನ ಮಗಳು ಬಿಎಫ್‌ಎ ಎರಡನೇ ವರ್ಷದಾಗ ಅದಾಳ. ಸೆಕೆಂಡ್ ಲೈಫ್ ಅಂತ ಒಂದು ಕಂಪ್ಯೂಟರ್ ಲೋಕ ಐತಂತ. ಅಲ್ಲಿ ಕ್ಯಾನ್ಸರ್ ರೋಗಿಗಳ ಸಹಾಯಕ್ಕ ಚಿತ್ರಪ್ರದರ್ಶನ ಇಡತಾರಂತ. ನಾಲ್ಕು ಚಿತ್ರ ಕೊಡು ಅಂತ ಆಕೀಗೆ ಕೇಳ್ಯಾರ. ಅಲ್ಲಿ ಕೂಡೋದು ಖರೇ ರೊಕ್ಕ ಏನ್ರೀ? ಕೊಟ್ರ ನಡೀತದೇನು?"

ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ನನಗೆ ಬಹಳ ಜನ ಕೇಳಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ: ಗೋಡೆ ಸುಳ್ಳು, ದೀಪ ಸುಳ್ಳು, ಅಲ್ಲಿ ಕುಣಿಯುವ ಗೊಂಬೆ ಸುಳ್ಳು. ರೊಕ್ಕ ಮಾತ್ರ ಖರೇ. ಅದಕ್ಕೇ ಚಿತ್ರ ಕೊಡುವ ಮೊದಲು ಆ ರೊಕ್ಕ ಯಾರ ಕೈಗೆ ಬೀಳುತ್ತದೆ ಅಂತ ನೋಡಬೇಕು.

ಸೆಕೆಂಡ್ ಲೈಫ್ ಹೊಸದೇನಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಲಿಂಡೆನ್ ಲ್ಯಾಬ್ ಅನ್ನುವ ಕಂಪನಿ ಇದನ್ನು 2003ರಲ್ಲಿ ಶುರು ಮಾಡಿತು. ಗೆಲ್ಲುವುದು ಸೋಲುವುದು ಇಲ್ಲ, ಹಾಗಾಗಿ ಆಟ ಅನ್ನಲು ಬರುವುದಿಲ್ಲ. ನಿಮ್ಮ ಹೆಸರಲ್ಲಿ ಒಂದು ಗೊಂಬೆ ಇರುತ್ತದೆ, ಅದಕ್ಕೆ ಅವತಾರ್ ಅಂತಾರೆ. ಅದು ನಡೆಯುತ್ತದೆ, ಹಾರುತ್ತದೆ, ಮಾತಾಡುತ್ತದೆ. ಮನೆ, ಮರ, ಗ್ಯಾಲರಿ ಎಲ್ಲವನ್ನೂ ಅಲ್ಲಿರುವ ಜನರೇ ಕಟ್ಟಿದ್ದು. ನೆಲವನ್ನು ಬಾಡಿಗೆಗೆ ಕೊಡುತ್ತಾರೆ. ಒಂದು ಪೂರ್ತಿ ತುಂಡು ಅಂದರೆ 256 ಮೀಟರ್ ಉದ್ದ, ಅಷ್ಟೇ ಅಗಲ. ನಮ್ಮ ಲೆಕ್ಕದಲ್ಲಿ ಹದಿನಾರು ಎಕರೆ ಚಿಲ್ಲರೆ. ಅದರ ಬಾಡಿಗೆಯನ್ನು ಪ್ರತಿ ತಿಂಗಳು ಡಾಲರ್‌ನಲ್ಲಿ ಕಟ್ಟಬೇಕು. ಬಹಳಷ್ಟು ಗ್ಯಾಲರಿಗಳು ಯಾರೋ ಒಬ್ಬರ ಸ್ವಂತ ಜೇಬಿನ ಮೇಲೆ ನಡೆಯುತ್ತವೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಲ್ಲಿ ನಡೆಯುವ ನಾಣ್ಯ ಲಿಂಡೆನ್ ಡಾಲರ್. ಜಾತ್ರೆಯಲ್ಲಿ ತೊಟ್ಟಿಲು ಹತ್ತಲು ಚೀಟಿ ತಗೋತೀವಲ್ಲ, ಹಾಗೆ. ಒಂದೇ ವ್ಯತ್ಯಾಸ, ಈ ಚೀಟಿಯನ್ನು ತಿರುಗಿ ಮಾರಿ ಅಮೆರಿಕದ ಡಾಲರ್ ಮಾಡಿಕೊಳ್ಳಬಹುದು. ಬಹಳ ವರ್ಷಗಳಿಂದ ಒಂದು ಡಾಲರ್‌ಗೆ 250 ಲಿಂಡೆನ್ ಆಸುಪಾಸಿನಲ್ಲೇ ದರ ನಿಂತಿದೆ. ಅಂದರೆ 300 ಲಿಂಡೆನ್ ಬೆಲೆಯ ಒಂದು ಚಿತ್ರ ನಮ್ಮ ನೂರು ರೂಪಾಯಿ ಅಷ್ಟೆ. ಕೇಳಿದರೆ ನಗು ಬರುತ್ತದೆ. ಆದರೆ ಪ್ರತಿ ಮಾರಾಟಕ್ಕೂ ಹೊಸ ಕ್ಯಾನ್ವಾಸ್ ಬೇಕಿಲ್ಲ, ಫ್ರೇಮ್ ಬೇಕಿಲ್ಲ. ಒಂದೇ ಚಿತ್ರ ನೂರು ಜನಕ್ಕೆ ಹೋಗಬಹುದು. ದಾನದ ಪ್ರದರ್ಶನಗಳು ಅಲ್ಲಿ ಇಷ್ಟು ಜಾಸ್ತಿ ಇರುವುದಕ್ಕೆ ಇದೇ ಕಾರಣ ಅಂತ ನನಗೆ ಅನಿಸುತ್ತದೆ. ಕಲಾವಿದನಿಗೆ ಸಾಮಾನಿನ ಖರ್ಚಿಲ್ಲ, ಕೊಳ್ಳುವವನಿಗೆ ಭಾರವಿಲ್ಲ.

ಇದರಲ್ಲಿ ದೊಡ್ಡ ಹೆಸರು ರಿಲೇ ಫಾರ್ ಲೈಫ್. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಅಧಿಕೃತ ಕಾರ್ಯಕ್ರಮ, ಸೆಕೆಂಡ್ ಲೈಫ್ ಒಳಗೆ 2005ರಿಂದ ನಡೆಯುತ್ತಿದೆ. ವರ್ಷಕ್ಕೊಮ್ಮೆ ಒಂದು ವಾರಾಂತ್ಯದಲ್ಲಿ ಅವತಾರ್‌ಗಳು ಹಗಲು ರಾತ್ರಿ ಒಂದು ಹಾದಿಯಲ್ಲಿ ಸುತ್ತು ಹಾಕುತ್ತವೆ. ತೀರಿಹೋದವರ ಹೆಸರಿನಲ್ಲಿ ಹಾದಿಯ ಬದಿಗೆ ದೀಪ ಇಡುತ್ತಾರೆ. ಅದಕ್ಕೂ ಮೊದಲು ತಿಂಗಳುಗಟ್ಟಲೆ ಹರಾಜು, ಸಂಗೀತ, ಚಿತ್ರಪ್ರದರ್ಶನ ನಡೆಯುತ್ತಲೇ ಇರುತ್ತವೆ. ಇಷ್ಟು ವರ್ಷಗಳಲ್ಲಿ ಲಕ್ಷಗಟ್ಟಲೆ ಡಾಲರ್ ಹೀಗೆ ನೂರು, ಇನ್ನೂರು ಲಿಂಡೆನ್ ಕೂಡಿಯೇ ಆಗಿದೆ. ನಿಮ್ಮ ಮಗಳಿಗೆ ಬಂದ ಕರೆ ಈ ಕಾರ್ಯಕ್ರಮದ್ದೇ ಆಗಿದ್ದರೆ ಅರ್ಧ ಚಿಂತೆ ಬಿಡಿ.

ಇನ್ನರ್ಧ ಚಿಂತೆಗೆ ನನ್ನದೇ ಒಂದು ಕಥೆ ಇದೆ.

ನಾನು ಬಾಗಲಕೋಟೆಯವನು. ಆಲಮಟ್ಟಿ ಹಿನ್ನೀರು ಬಂದ ಮೇಲೆ ಎಲ್ಲರ ಹಾಗೆ ನಾವೂ ನವನಗರಕ್ಕೆ ಬಂದೆವು. ಮುಳುಗಡೆಯಾದ ಹಳೇ ಓಣಿಗಳನ್ನು ನೆನಪಿನಿಂದ ಬಿಡಿಸುವುದು ನನ್ನ ಹುಚ್ಚು. ಮಾಳಿಗೆ ಮನೆ, ಕಟ್ಟೆ, ಬೆಳಕಿಂಡಿಯಿಂದ ಬೀಳುವ ಬಿಸಿಲು, ಇಂಥವು. ಒಮ್ಮೆ ಅಂಥ ಆರು ಚಿತ್ರಗಳನ್ನು ಅಲ್ಲಿಯ ಒಂದು ದಾನದ ಪ್ರದರ್ಶನಕ್ಕೆ ಇಟ್ಟೆ. ಬಾಗಿಲಲ್ಲಿ ಒಂದು ಡಬ್ಬಿ, ಮೇಲೆ ಮಕ್ಕಳ ಆಸ್ಪತ್ರೆಗೆ ಅಂತ ಬರಹ. ಜನ ಬಂದರು. ಒಬ್ಬರು ನನ್ನ ಚಿತ್ರದ ಮುಂದೆ ನಿಂತು "ಈ ಊರು ನಿಜವಾಗಿ ಇದೆಯಾ?" ಅಂತ ಕೇಳಿದರು. ಇತ್ತು ಅಂದೆ. ಡಬ್ಬಿಗೆ ದುಡ್ಡು ಬಿತ್ತು. ಪ್ರದರ್ಶನ ಮುಗಿದ ಮೇಲೆ ಒಟ್ಟು ಎಷ್ಟಾಯಿತು ಅಂತ ಕೇಳಿದರೆ ನಡೆಸಿದವರಿಂದ ಉತ್ತರವಿಲ್ಲ. ಮರುವಾರ ಹೋದರೆ ಆ ಜಾಗವೇ ಇರಲಿಲ್ಲ. ಬಾಡಿಗೆ ಕಟ್ಟಲಿಲ್ಲವೋ, ಬೇಕಂತಲೇ ಮುಚ್ಚಿದರೋ ಗೊತ್ತಾಗಲಿಲ್ಲ. ಚಿತ್ರಗಳು ಮಾತ್ರ ನನ್ನ ಖಾತೆಯ 'ಲಾಸ್ಟ್ ಆಂಡ್ ಫೌಂಡ್' ಅನ್ನುವ ಫೋಲ್ಡರ್‌ಗೆ ವಾಪಸ್ ಬಂದು ಬಿದ್ದಿದ್ದವು. ಮುಳುಗಡೆ ಊರಿಗೆ ಎರಡನೇ ಸಲ ಮುಳುಗಡೆ ಅಂತ ಮನೆಯಲ್ಲಿ ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ತಿಳಿದ ಸಂಗತಿ ಬಹಳ ಸರಳ. ಆ ಲೋಕದಲ್ಲಿ ಒಂದು ವಸ್ತುವಿಗೆ ಹಾಕಿದ ದುಡ್ಡು ಆ ವಸ್ತುವಿನ ಮಾಲೀಕರಿಗೆ ಹೋಗುತ್ತದೆ. ಡಬ್ಬಿಯ ಮೇಲೆ ಏನು ಬರೆದಿದೆ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಬಂದ ದುಡ್ಡನ್ನು ತಾನಾಗಿಯೇ ಬೇರೆ ಖಾತೆಗೆ ದಾಟಿಸುವ ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಮ್, ಬರೆಯಬಹುದು, ಅರ್ಧ ಕಲಾವಿದನಿಗೆ ಅರ್ಧ ಸಂಸ್ಥೆಗೆ ಅಂತ ಹಂಚಲೂಬಹುದು. ಆದರೆ ಆ ಸ್ಕ್ರಿಪ್ಟ್ ಒಳಗೆ ಏನಿದೆ ಅಂತ ಹೊರಗಿನವರಿಗೆ ಕಾಣುವುದಿಲ್ಲ. ಕಾಣುವುದು ಮಾಲೀಕರ ಹೆಸರು. ಡಬ್ಬಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಎಡಿಟ್ ತೆರೆದರೆ 'ಓನರ್' ಅಂತ ಬರುತ್ತದೆ. ಅಲ್ಲಿ ಸಂಸ್ಥೆಯ ಅಧಿಕೃತ ಖಾತೆಯ ಹೆಸರು ಇದ್ದರೆ ದುಡ್ಡು ನೇರ ಅಲ್ಲಿಗೆ. ಗ್ಯಾಲರಿ ನಡೆಸುವವರ ಹೆಸರಿದ್ದರೆ ಮೊದಲು ಅವರ ಜೇಬಿಗೆ, ಆಮೇಲೆ ಸ್ಕ್ರಿಪ್ಟ್ ಇದ್ದಂತೆ, ಇಲ್ಲವೇ ಅವರ ಮನಸ್ಸು ಬಂದಂತೆ. ಹೀಗಿದ್ದ ಮಾತ್ರಕ್ಕೆ ಮೋಸ ಅಂತಲ್ಲ. ಬಾಡಿಗೆ ಕಟ್ಟಿ, ನಿದ್ದೆಗೆಟ್ಟು ಪ್ರಾಮಾಣಿಕವಾಗಿ ನಡೆಸುವವರನ್ನು ನಾನು ನೋಡಿದ್ದೇನೆ. ಅಂಥವರು ಕೇಳುವ ಮೊದಲೇ ಲೆಕ್ಕ ತೋರಿಸುತ್ತಾರೆ, ರಸೀದಿ ಹಾಕುತ್ತಾರೆ. ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ಚಿತ್ರ ಕೊಡಬೇಡಿ.

ಇನ್ನು ಚಿತ್ರದ ವಿಷಯ. ಮಗಳು ಕೊಡುವುದು ಮೂಲ ಚಿತ್ರವನ್ನಲ್ಲ, ಅದರ ಸ್ಕ್ಯಾನ್. ಬಹಳ ಕಾಲ ಅಲ್ಲಿ ಒಂದು ಚಿತ್ರಕ್ಕೆ ಉದ್ದಗಲ 1024 ಚುಕ್ಕಿಗಳೇ (ಪಿಕ್ಸೆಲ್) ಗರಿಷ್ಠ ಮಿತಿಯಾಗಿತ್ತು. ಈಚೆಗೆ ಅದು 2048ಕ್ಕೆ ಏರಿದೆ, ಆದರೂ 1024ರ ಚಿತ್ರ ಬೇಗ ತೆರೆಯುತ್ತದೆ. ನೋಡುವವರಿಗೆ ಮೊದಲು ಬೂದು ಹಲಗೆ, ಆಮೇಲೆ ಮಸುಕು, ಆಮೇಲೆ ಚಿತ್ರ. ನೆಟ್ ನಿಧಾನ ಇದ್ದರೆ ಬೂದು ಹಲಗೆ ನೋಡಿಕೊಂಡೇ ವಾಪಸ್ ಹೋಗುತ್ತಾರೆ. ಅದಕ್ಕೇ ಕಸೂತಿಯಂಥ ಸಣ್ಣ ಕೆಲಸ ಇರುವ ಚಿತ್ರವಾದರೆ ಪೂರ್ತಿ ಚಿತ್ರ ಒಂದು, ಅದರ ಒಂದು ಮೂಲೆ ದೊಡ್ಡದಾಗಿ ಇನ್ನೊಂದು, ಹೀಗೆ ಬೇರೆ ಬೇರೆ ಹಾಕುವುದು ಒಳ್ಳೆಯದು. ಗುಳೇದಗುಡ್ಡದ ಖಣದ ಬುಟ್ಟಾ ಅಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಒಂದೇ ತುಂಡನ್ನು ಮತ್ತೆ ಮತ್ತೆ ಜೋಡಿಸಿ ಗೋಡೆ ತುಂಬಿಸಬಹುದು.

ಅಲ್ಲಿ ಪ್ರತಿ ವಸ್ತುವಿಗೂ ಮೂರು ಅನುಮತಿ ಇರುತ್ತವೆ: ಕಾಪಿ (ನಕಲು ಮಾಡುವುದು), ಮಾಡಿಫೈ (ಬದಲಿಸುವುದು), ಟ್ರಾನ್ಸ್‌ಫರ್ (ಬೇರೆಯವರಿಗೆ ಕೊಡುವುದು). ಇದರಲ್ಲಿ ಕಾಪಿ ಮತ್ತು ಟ್ರಾನ್ಸ್‌ಫರ್ ಎರಡನ್ನೂ ಕೊಟ್ಟರೆ ಕೊಂಡವರು ಎಷ್ಟು ಪ್ರತಿ ಬೇಕಾದರೂ ಮಾಡಿ ಯಾರಿಗೆ ಬೇಕಾದರೂ ಕೊಡಬಹುದು, ಮಾರಲೂಬಹುದು. ಇದು ಹೊಸಬರು ಮಾಡುವ ಮೊದಲ ತಪ್ಪು. ಸಾಮಾನ್ಯ ಮಾರಾಟಕ್ಕೆ ಕಾಪಿ ಮಾತ್ರ ಕೊಡಿ, ಹರಾಜಿನ ಚಿತ್ರಕ್ಕೆ ಟ್ರಾನ್ಸ್‌ಫರ್ ಮಾತ್ರ ಕೊಡಿ. ಇಷ್ಟೆಲ್ಲ ಮಾಡಿದರೂ ಕದಿಯುವವರು ಕದಿಯುತ್ತಾರೆ ಬಿಡಿ. 2006ರಲ್ಲೇ ಕಾಪಿಬಾಟ್ ಅನ್ನುವ ಪ್ರೋಗ್ರಾಮ್ ಬಂದು ಅಲ್ಲಿಯ ಎಷ್ಟೋ ಅಂಗಡಿಯವರು ಗಾಬರಿಯಾಗಿ ಬಾಗಿಲು ಹಾಕಿದ್ದರು. ಪರದೆ ಮೇಲೆ ಕಾಣುವುದನ್ನು ಕದಿಯಬಹುದು. ದೊಡ್ಡ ಸ್ಕ್ಯಾನ್ ಮನೆಯಲ್ಲೇ ಇರಲಿ.

ಈಗ ನನಗೆ ಸ್ವಲ್ಪ ಸಿಟ್ಟು ಬರುವ ಮಾತು. ದಾನ ಅಂದ ತಕ್ಷಣ ಕಲಾವಿದ ಪೂರ್ತಿ ಕೊಡಬೇಕು ಅಂತ ಯಾರು ಹೇಳಿದ್ದು? ನಮ್ಮ ಕಡೆ ಜಾತ್ರೆಗೆ ಬೋರ್ಡ್ ಬರೆಯುವವರನ್ನು ಕೇಳಿ. "ದೇವರ ಕೆಲಸ ಐತಿ, ರೊಕ್ಕ ಏನ್ ಕೇಳ್ತಿಯೋ?" ಅಂತಾರೆ. ಪೆಂಡಾಲಿನವರಿಗೆ ರೊಕ್ಕ, ಮೈಕಿನವರಿಗೆ ರೊಕ್ಕ, ಬರೆಯುವವನಿಗೆ ಪ್ರಸಾದ. ಆ ಲೋಕದಲ್ಲೂ ಇದೇ ನಡೆಯುತ್ತದೆ. ವಾರಕ್ಕೊಂದು ಕರೆ, "ನಿಮಗೆ ಹೆಸರು ಬರ್ತದೆ" ಅನ್ನುವ ಮಾತು. ಅರ್ಧ ದಾನಕ್ಕೆ, ಅರ್ಧ ನನಗೆ ಅಂತ ಹೇಳುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಚಿತ್ರದ ಪಕ್ಕದ ಹಲಗೆಯ ಮೇಲೆ ಅದನ್ನು ಎಲ್ಲರಿಗೂ ಕಾಣುವಂತೆ ಬರೆದರೆ ಸಾಕು. ನಾಲ್ಕು ಕೇಳಿದರೆ ಎರಡು ಕೊಡಬಹುದು. ಈ ಸಲ ಆಗಲ್ಲ ಅಂತಲೂ ಹೇಳಬಹುದು. ಮಗಳಿಗೆ ಪರೀಕ್ಷೆ ಇದ್ದರೆ ಖಂಡಿತ ಹೇಳಲಿ.

ಇನ್ನು ಕೆಲವರು ಇದರ ಮುಂದಿನ ಪ್ರಶ್ನೆ ಕೇಳುತ್ತಾರೆ. ಅಲ್ಲಿ ದುಡ್ಡು ಕೂಡಿಸಿ ಇಲ್ಲಿಗೆ ತರಬಹುದಾ? 2019ರಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳು ನೀರಲ್ಲಿ ನಿಂತಾಗ ನನಗೂ ಈ ಆಸೆ ಬಂದಿತ್ತು. ಆಸೆ ಒಳ್ಳೆಯದು, ದಾರಿ ಕಷ್ಟ. ವಿದೇಶಿಯರ ದೇಣಿಗೆ ತಗೊಳ್ಳಬೇಕಾದರೆ ಇಲ್ಲಿಯ ಟ್ರಸ್ಟ್‌ಗೆ 2010ರ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ಪ್ರಕಾರ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ನೋಂದಣಿ ಇದ್ದವರಿಗೂ ಆ ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅಲ್ಲಿಂದ ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗೂ ಇಲ್ಲ. ಮುಖ ಕಾಣದ ಅವತಾರ್‌ಗಳು ಹಾಕಿದ ಲಿಂಡೆನ್ ಅನ್ನು ನಿಮ್ಮ ಖಾತೆಗೆ ಇಳಿಸಿಕೊಂಡು ಊರ ಟ್ರಸ್ಟ್‌ಗೆ ಕೊಡುತ್ತೇನೆ ಅನ್ನುವುದು ಬೇಡದ ತಲೆನೋವು. ನಿಮ್ಮ ಮಗಳ ವಿಷಯದಲ್ಲಿ ಈ ಭಯ ಇಲ್ಲ. ಅಲ್ಲಿ ಬಂದ ದುಡ್ಡು ಅಲ್ಲಿಯ ಸಂಸ್ಥೆಗೇ ಹೋಗುತ್ತದೆ, ಆಕೆ ಕೊಡುವುದು ಚಿತ್ರ ಮಾತ್ರ. ಅಂದ ಹಾಗೆ, ಚಿತ್ರ ದಾನ ಕೊಟ್ಟಿದ್ದಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಅದು ಹಣದ ರೂಪದ ದಾನಕ್ಕೆ ಮಾತ್ರ.

ಊರಿನ ಕೆಲಸಕ್ಕೇ ಮಾಡಬೇಕು ಅಂದರೆ ನಾನು ಬೇರೆ ದಾರಿ ಹೇಳುತ್ತೇನೆ. ಮೊಬೈಲ್ ಬ್ರೌಸರ್‌ನಲ್ಲೇ ತೆರೆಯುವ ವರ್ಚುವಲ್ ಗ್ಯಾಲರಿಗಳಿವೆ. ಅಂಥ ಒಂದು ಕೋಣೆ ಮಾಡಿ, ಗೋಡೆಗೆ ಟ್ರಸ್ಟ್‌ನದ್ದೇ ಯುಪಿಐ ಕ್ಯೂಆರ್ ಕೋಡ್ ಅನ್ನು ಚಿತ್ರದ ಹಾಗೆ ತೂಗುಹಾಕಿ. ನೋಡುವವರು ಪುಣೆಯಲ್ಲಿರಲಿ, ಬೆಂಗಳೂರಲ್ಲಿರಲಿ, ಸ್ಕ್ಯಾನ್ ಮಾಡಿದರೆ ದುಡ್ಡು ನೇರ ಟ್ರಸ್ಟ್‌ಗೆ. ನಡುವೆ ನಿಮ್ಮ ಕೈ ಇಲ್ಲ, ನಿಮ್ಮನ್ನು ಯಾರೂ ಲೆಕ್ಕ ಕೇಳುವ ಪ್ರಶ್ನೆಯೇ ಬರುವುದಿಲ್ಲ. ಸ್ಕ್ಯಾನ್ ಮಾಡಿದಾಗ ಯಾವ ಹೆಸರು ಬರಬೇಕು ಅಂತ ಕೆಳಗೆ ಕನ್ನಡದಲ್ಲಿ ಬರೆದುಬಿಡಿ. ಇಂಥ ಜಾಗಗಳು ಶಾಶ್ವತ ಅಲ್ಲ ಅನ್ನುವುದೂ ಗೊತ್ತಿರಲಿ. ಮೊಜಿಲ್ಲಾದವರ ಹಬ್ಸ್ ಬಹಳ ಚೆನ್ನಾಗಿತ್ತು, 2024ರಲ್ಲಿ ಮೊಜಿಲ್ಲಾ ಅದನ್ನು ನಿಲ್ಲಿಸಿಬಿಟ್ಟಿತು.

ಹಾಗಾದರೆ ಸೆಕೆಂಡ್ ಲೈಫ್‌ಗೆ ಹೋಗುವುದೇ ಯಾಕೆ ಅಂತ ಕೇಳಬಹುದು. ಅಲ್ಲಿ ಜನ ಸಿಗುತ್ತಾರೆ, ಅದಕ್ಕೆ. ಬ್ರೌಸರ್ ಕೋಣೆಗೆ ಬಂದವರು ನೋಡಿ ಹೋಗುತ್ತಾರೆ. ಸೆಕೆಂಡ್ ಲೈಫ್‌ನಲ್ಲಿ ನಿಲ್ಲುತ್ತಾರೆ, ಮಾತಾಡುತ್ತಾರೆ, ಮರುದಿನ ಗೆಳೆಯರನ್ನು ಕರೆತರುತ್ತಾರೆ. ಮಾತಿಗೂ ಅಲ್ಲಿ ಅಳತೆ ಇದೆ, ಗೊತ್ತಾ? ಟೈಪ್ ಮಾಡಿದ ಪಿಸುಮಾತು 10 ಮೀಟರ್‌ವರೆಗೆ, ಸಾದಾ ಮಾತು 20 ಮೀಟರ್‌ವರೆಗೆ, ಕೂಗು 100 ಮೀಟರ್‌ವರೆಗೆ ಮುಟ್ಟುತ್ತದೆ. ನಮ್ಮ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಈ ಗೋಡೆಗೆ ಪಿಸುಗುಟ್ಟಿದ್ದು ಎದುರಿನ ಗೋಡೆಯಲ್ಲಿ ಕೇಳುತ್ತದೆ. ಆ ಲೆಕ್ಕದಲ್ಲಿ 1656ರ ವಿಜಯಪುರವೇ ಮುಂದಿದೆ.

ಕೊನೆಗೆ ಎರಡು ಸಣ್ಣ ವಿಷಯ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಆ ಲೋಕ ಕುಂಟುತ್ತದೆ. ಸೆಟ್ಟಿಂಗ್‌ನಲ್ಲಿ 'ಡ್ರಾ ಡಿಸ್ಟೆನ್ಸ್', ಅಂದರೆ ಎಷ್ಟು ದೂರದವರೆಗೆ ಕಾಣಬೇಕು ಅನ್ನುವುದನ್ನು, ಕಡಿಮೆ ಮಾಡಿದರೆ ಹೇಗೋ ನಡೆಯುತ್ತದೆ. ಇನ್ನೊಂದು, ಅಲ್ಲಿಯ ಗಡಿಯಾರ ಕ್ಯಾಲಿಫೋರ್ನಿಯಾದ್ದು. ಉದ್ಘಾಟನೆ ಮಧ್ಯಾಹ್ನ 12ಕ್ಕೆ ಅಂತ ಕರೆಯೋಲೆಯಲ್ಲಿ ಬರೆದಿದ್ದರೆ ಗೋಕಾಕಿನಲ್ಲಿ ರಾತ್ರಿ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ಮಗಳು ಸಂಜೆಯೇ ಒಂದು ನಿದ್ದೆ ಮಾಡಿ ಏಳಲಿ. ಕರೆಂಟ್ ಹೋದರೆ ಇರಲಿ ಅಂತ ಫೋನ್ ಚಾರ್ಜ್ ಮಾಡಿ ಹಾಟ್‌ಸ್ಪಾಟ್ ತಯಾರು ಇಟ್ಟುಕೊಳ್ಳಲಿ. ನೀವೂ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತು ನೋಡಿ.