ಬಟ್ಟಲಿನಲ್ಲಿ ಕಾಯುವ ರಕ್ತನಾಳ

‘ಕಾಲಿನ ನರ ತೆಗೆದು ಹೃದಯಕ್ಕೆ ಹಾಕಿದರಂತೆ.’ ಬೈಪಾಸ್ ಆದವರನ್ನು ನೋಡಿಕೊಂಡು ಬಂದವರು ಹೇಳುವ ಮೊದಲ ಮಾತು ಇದು. ನರವಲ್ಲ ಸ್ವಾಮಿ, ಅಭಿಧಮನಿ. ಪಾದದ ಗಂಟಿನಿಂದ ತೊಡೆಸಂದಿಯವರೆಗೆ ಚರ್ಮದಡಿಯಲ್ಲೇ ಸಾಗುವ ಸಫೀನಸ್ ಎಂಬ ರಕ್ತನಾಳ. ಅದನ್ನು ತೆಗೆದರೆ ಆಳದಲ್ಲಿರುವ ನಾಳಗಳು ಆ ಕೆಲಸವನ್ನೂ ವಹಿಸಿಕೊಳ್ಳುತ್ತವೆ. ಆದ್ದರಿಂದ ‘ಇನ್ನು ಆ ಕಾಲಿಗೆ ಬಲವಿಲ್ಲ’ ಎಂಬ ಮರುಕವೂ ಬೇಡ. ಆದರೆ ನನ್ನ ನಿಜವಾದ ತಕರಾರು ಓದಿದವರೂ ನಂಬಿರುವ ಇನ್ನೊಂದು ತಪ್ಪಿನ ಬಗ್ಗೆ: ರಕ್ತನಾಳವೆಂದರೆ ಪೈಪು, ಕಟ್ಟಿಕೊಂಡ ಪೈಪಿನ ಪಕ್ಕ ಇನ್ನೊಂದು ಪೈಪು ಜೋಡಿಸಿದರೆ ಆಯಿತು.

ಪೈಪಾಗಿದ್ದರೆ ಅದನ್ನು ಎಲ್ಲಿಟ್ಟರೂ ನಡೆಯುತ್ತಿತ್ತು. ಕಾಲಿನಿಂದ ಬಿಡಿಸಿದ ನಾಳ ಎದೆಯಲ್ಲಿ ತನ್ನ ಸರದಿ ಬರುವವರೆಗೆ, ಅರ್ಧ ಗಂಟೆಯೋ ಒಂದೆರಡು ಗಂಟೆಯೋ, ಬಟ್ಟಲೊಂದರ ದ್ರವದಲ್ಲಿ ಮುಳುಗಿ ಕಾಯುತ್ತದೆ. ಬಾಳೆದಿಂಡು ಹೆಚ್ಚಿದವರಿಗೆ ಈ ಕಾಯುವಿಕೆಯ ಕಷ್ಟ ಗೊತ್ತು. ಹೆಚ್ಚಿದ್ದನ್ನು ಹಾಗೇ ಬಿಟ್ಟರೆ ಕಪ್ಪಾಗುತ್ತದೆ, ಮಜ್ಜಿಗೆ ನೀರಿಗೆ ಹಾಕಿದರೆ ಬೆಳ್ಳಗೆ ಉಳಿಯುತ್ತದೆ. ಯಾವ ನೀರಿನಲ್ಲಿ ಇಡಬೇಕು ಎಂಬುದೇ ಪ್ರಶ್ನೆ.

ದಶಕಗಳಿಂದ ರೂಢಿಯಲ್ಲಿರುವ ಉತ್ತರಗಳಲ್ಲೊಂದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೆರೆಸಿದ ಸಲೈನ್. ಸಲೈನ್ ಎಂದರೆ ನಮ್ಮ ಜನರಿಗೆ ಅಮೃತ. ಸುಸ್ತಾಗಿದೆ, ಒಂದು ಬಾಟಲಿ ಹಾಕಿಬಿಡಿ ಎನ್ನುವವರು ಎಷ್ಟು ಮಂದಿ! ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಷ್ಟೇ ಅದು. ಜೀವಕೋಶಕ್ಕೆ ಬೇಕಾದ ಗ್ಲೂಕೋಸ್ ಇಲ್ಲ, ಪೊಟ್ಯಾಸಿಯಂ ಇಲ್ಲ, ಕ್ಯಾಲ್ಸಿಯಂ ಇಲ್ಲ. ಪಿಎಚ್ ಎಂದರೆ ಆಮ್ಲ-ಕ್ಷಾರದ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಸಲೈನಿನ ಪಿಎಚ್ ಸುಮಾರು 5.5, ರಕ್ತದ್ದು 7.4. ವ್ಯತ್ಯಾಸ ಚಿಕ್ಕದಾಗಿ ಕಂಡರೂ ಈ ಅಳತೆಯಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. ಅಂದರೆ ಸಲೈನ್ ರಕ್ತಕ್ಕಿಂತ ಸುಮಾರು 80 ಪಟ್ಟು ಆಮ್ಲೀಯ. ಮೈಯೊಳಗೆ ಹೋದಾಗ ಐದು ಲೀಟರ್ ರಕ್ತ ಅದನ್ನು ಸಂಭಾಳಿಸಿಬಿಡುತ್ತದೆ. ಬಟ್ಟಲಿನ ನಾಳಕ್ಕೆ ಆ ಆಸರೆ ಇಲ್ಲ. ಹಾಗಿದ್ದರೆ ರೋಗಿಯ ರಕ್ತದಲ್ಲೇ ಇಡೋಣವೆಂದರೆ ಅಲ್ಲೂ ಪೇಚು: ತೆರೆದಿಟ್ಟ ರಕ್ತದಿಂದ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಅದು ಕ್ಷಾರದತ್ತ ವಾಲುತ್ತದೆ.

ಹಾಳಾಗುವುದಾದರೂ ಏನು? ನಾಳದ ಒಳಮೈಗೆ ಒಂದೇ ಒಂದು ಕೋಶದಷ್ಟು ದಪ್ಪದ ಅಸ್ತರಿಯಿದೆ, ಎಂಡೊಥೀಲಿಯಂ. ಹಾಲಿನ ಕೆನೆಗಿಂತ ತೆಳು, ಮಾವಿನ ಹಣ್ಣಿನ ಮೇಲಿನ ಬೂದಿಯಂತೆ ಬೆರಳು ತಾಕಿದರೆ ಅಳಿಸಿಹೋಗುವಂಥದ್ದು. ಅದರ ಮಹಿಮೆ ತಿಳಿದದ್ದೇ ಒಂದು ಕೈತಪ್ಪಿನಿಂದ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಎಂಬ ವಿಜ್ಞಾನಿ ಮೊಲದ ಮಹಾಧಮನಿಯ ಪಟ್ಟಿಗಳ ಮೇಲೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿ ನೋಡುತ್ತಿದ್ದರು. ಅವು ಸದಾ ಸಂಕುಚಿಸುತ್ತಿದ್ದವು. ಒಮ್ಮೆ ಸಿದ್ಧತೆಯ ಕ್ರಮ ಬದಲಾದಾಗ ಅದೇ ಪಟ್ಟಿ ಸಡಿಲಗೊಂಡಿತು! ಹುಡುಕಿದರೆ, ಅಷ್ಟು ಕಾಲವೂ ಪಟ್ಟಿ ಕತ್ತರಿಸುವಾಗ ಒಳಮೈ ಉಜ್ಜಿಹೋಗುತ್ತಿತ್ತು. ಆ ಸಲ ಉಳಿದಿತ್ತು. ಸಡಿಲಿಸುವ ಸಂದೇಶ ಹೊರಡುತ್ತಿದ್ದದ್ದು ಆ ಅಸ್ತರಿಯಿಂದಲೇ. 1980ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಸಂದೇಶ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಆಮೇಲೆ ತಿಳಿಯಿತು, 1998ರಲ್ಲಿ ನೊಬೆಲ್ ಬಂದಿತು. ಎದೆನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಮಾತ್ರೆ ಕೊಡುವುದೂ ಇದೇ ನೈಟ್ರಿಕ್ ಆಕ್ಸೈಡನ್ನು. ಈ ಅಸ್ತರಿ ಇರುವವರೆಗೆ ರಕ್ತ ಹೆಪ್ಪುಗಟ್ಟದೆ ಜಾರಿಹೋಗುತ್ತದೆ. ಅದು ಕಿತ್ತುಹೋದಲ್ಲಿ ಪ್ಲೇಟ್‌ಲೆಟ್‌ಗಳು ಅಂಟುತ್ತವೆ, ಕೆಳಗಿನ ಸ್ನಾಯುಕೋಶಗಳು ಒಳಕ್ಕೆ ನುಗ್ಗಿ ಬೆಳೆಯುತ್ತವೆ, ಹೊಸ ದಾರಿಯೂ ಕಟ್ಟಿಕೊಳ್ಳುತ್ತದೆ.

ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಕಾಲಿನ ನಾಳವನ್ನು ಹೊಲಿಯುವ ಮೊದಲು ಹೊಸ ಔಷಧಿಯೊಂದರಲ್ಲಿ ನೆನೆಸಿ ನೋಡಿದರು. ಔಷಧಿ ಕೆಲಸಕ್ಕೆ ಬರಲಿಲ್ಲ. ಸ್ವಾರಸ್ಯವೆಂದರೆ, ಅದೇ ರೋಗಿಗಳ ದಾಖಲೆಯನ್ನು ಮತ್ತೆ ತೆರೆದು, ಯಾರ ನಾಳ ಯಾವ ದ್ರವದಲ್ಲಿ ಕಾದಿತ್ತು ಎಂದು ವಿಂಗಡಿಸಿದಾಗ, ಆಮ್ಲ-ಕ್ಷಾರದ ಸಮತೋಲ ಕಾಯುವ ಬಫರ್ ದ್ರವದಲ್ಲಿದ್ದವು ಕಡಿಮೆ ಕೆಟ್ಟಿದ್ದವು. 2014ರಲ್ಲಿ ಬಂದ ಈ ಹೋಲಿಕೆ ಚೀಟಿ ಎತ್ತಿ ಹಂಚಿ ಮಾಡಿದ್ದಲ್ಲ, ಹಾಗಾಗಿ ಕೊನೆಯ ಮಾತೂ ಅಲ್ಲ.

ದ್ರವಕ್ಕಿಂತ ಕೈಯೇ ಹೆಚ್ಚು ಹಾನಿ ಮಾಡೀತು. ಸೈಕಲ್ ಷಾಪಿನವನು ಟ್ಯೂಬಿಗೆ ಗಾಳಿ ತುಂಬಿ ನೀರಿನಲ್ಲಿ ಅದ್ದಿ ಪಂಕ್ಚರ್ ಹುಡುಕುವಂತೆ, ಸೋರಿಕೆ ನೋಡಲು ನಾಳದೊಳಗೆ ಸಿರಿಂಜಿನಿಂದ ದ್ರವ ತುಂಬಿ ಉಬ್ಬಿಸುತ್ತಾರೆ. ಬರಿಗೈಯಿಂದ ಒತ್ತಿದರೆ ಒತ್ತಡ 300 ಮಿಲಿಮೀಟರ್ ಪಾದರಸವನ್ನೂ ಸುಲಭವಾಗಿ ದಾಟುತ್ತದೆ. ಮಲಗಿದವನ ಕಾಲಿನ ಅಭಿಧಮನಿ ಕಂಡಿರುವುದು ಹತ್ತರ ಆಸುಪಾಸಿನ ಒತ್ತಡವನ್ನು!

ಸ್ವೀಡನ್ನಿನ ಓರೆಬ್ರೋದಲ್ಲಿ ಡೊಮಿಂಗೊಸ್ ಸೋಜಾ ಎಂಬ ಶಸ್ತ್ರವೈದ್ಯರು 1990ರ ದಶಕದಲ್ಲಿ ಬೇರೆಯೇ ದಾರಿ ಹಿಡಿದರು. ಅಡಿಕೆ ಸಸಿಯನ್ನು ಬರಿಬೇರಿನಲ್ಲಿ ಕಿತ್ತು ಜಾಡಿಸುವವರೂ ಇದ್ದಾರೆ, ಬುಡದ ಮಣ್ಣಿನ ಹೆಂಟೆ ಸಮೇತ ಎತ್ತುವವರೂ ಇದ್ದಾರೆ. ಸೋಜಾ ಎರಡನೆಯವರು: ನಾಳವನ್ನು ಸುತ್ತಲಿನ ಕೊಬ್ಬಿನೊಡನೆಯೇ ಬಿಡಿಸುವುದು, ಇಕ್ಕಳದಿಂದ ಹಿಡಿಯದಿರುವುದು, ಉಬ್ಬಿಸದಿರುವುದು. 16 ವರ್ಷಗಳ ನಂತರ ನೋಡಿದಾಗ ಇಂಥ ನಾಳಗಳಲ್ಲಿ ಶೇ. 83 ತೆರೆದಿದ್ದವು, ಹಳೆಯ ವಿಧಾನದವುಗಳಲ್ಲಿ ಶೇ. 64. ಅಷ್ಟು ವರ್ಷ ಕಳೆದು ಪರೀಕ್ಷೆಗೆ ಸಿಕ್ಕ ರೋಗಿಗಳು ಕೆಲವೇ ಮಂದಿ, ನಿಜ. ಬೆಲೆ ತೆರುವುದು ಕಾಲು: ಗಾಯ ದೊಡ್ಡದು, ಒಣಗುವುದು ನಿಧಾನ. ಮಧುಮೇಹ ಮನೆಮನೆಯಲ್ಲಿರುವ ನಮ್ಮಲ್ಲಿ ಇದು ಚಿಕ್ಕ ಮಾತಲ್ಲ.

ಬಟ್ಟಲಿಗೆ ಸಾಮಾನ್ಯವಾಗಿ ಇಳಿಯದ ನಾಳವೂ ಒಂದಿದೆ, ಎದೆಗೂಡಿನ ಒಳಗೋಡೆಯ ಎಡ ಅಪಧಮನಿ. ಅದರ ಬುಡವನ್ನು ಕತ್ತರಿಸದೆ ತುದಿಯನ್ನು ಮಾತ್ರ ಬಿಡಿಸಿ ಹೃದಯಕ್ಕೆ ಹೊಲಿಯುತ್ತಾರೆ. ಹತ್ತು ವರ್ಷ ಕಳೆದರೂ ಹತ್ತರಲ್ಲಿ ಒಂಬತ್ತು ತೆರೆದೇ ಇರುತ್ತವೆ. ಆದರೆ ಅದು ಮುಟ್ಟಿದರೆ ಮುನಿ. ಕೈ ತಾಕಿದೊಡನೆ ಸೆಟೆದು ಸಣ್ಣಗಾಗುತ್ತದೆ. ಅದರ ಮುನಿಸು ಇಳಿಸಲು ಬಳಸುವ ಪಾಪಾವರಿನ್ ಮೊದಲು ಸಿಕ್ಕಿದ್ದು ಅಫೀಮಿನಿಂದ, ಅಂದರೆ ನಮ್ಮ ಪಾಯಸದ ಗಸಗಸೆ ಕೊಡುವ ಅದೇ ಗಿಡದಿಂದ. ಅದನ್ನೂ ನಾಳದ ಹೊರಮೈಗೆ ಸಿಂಪಡಿಸುವುದೇ ಕ್ಷೇಮ, ಏಕೆಂದರೆ ಪಾಪಾವರಿನ್ ದ್ರಾವಣ ಸಲೈನಿಗಿಂತಲೂ ಹುಳಿ.