ಮನೆಯ ಉತ್ತರ ಬದಿಯ ಪಟ್ಟಿಯಲ್ಲಿ ದಾಸವಾಳ ಏಕೆ ಹೂ ನಿಲ್ಲಿಸುತ್ತದೆ

ಬೆಂಗಳೂರಿನ 30×40 ಸೈಟಿನಲ್ಲಿ ಮನೆ ಎದ್ದ ಮೇಲೆ ಸುತ್ತ ಉಳಿಯುವುದು ಮೂರು, ಹೆಚ್ಚೆಂದರೆ ಐದು ಅಡಿಯ ಪಟ್ಟಿ. ಗೃಹಪ್ರವೇಶ ಮುಗಿದ ವಾರವೇ ನರ್ಸರಿಗೆ ಓಡಬೇಡಿ. ಮೊದಲು ಬಿಸಿಲು ನೋಡಿ, ಆಮೇಲೆ ಮಣ್ಣು ಅಗೆದು ನೋಡಿ. ಗಿಡದ ಮಾತು ಕೊನೆಗೆ.

ಡಿಸೆಂಬರ್ ಕೊನೆಯಲ್ಲಿ ಇಲ್ಲಿನ ನಡುಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. 22 ಅಡಿ ಎತ್ತರದ ಮನೆಯ ನೆರಳು ಆಗ ಉತ್ತರಕ್ಕೆ 16 ಅಡಿ ಚಾಚುತ್ತದೆ. ಐದು ಅಡಿಯ ಪಟ್ಟಿ ಪೂರ್ತಿ ಅದರೊಳಗೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಹಾಗಾಗಿ ಮೇ ತಿಂಗಳಲ್ಲಿ ಅಲ್ಲಿ ನೆಟ್ಟ ದಾಸವಾಳ ಮೊದಲು ಮೊಗ್ಗು ಬಿಡುತ್ತದೆ, ನವೆಂಬರಿಗೆ ಬೆಳಕು ಹುಡುಕುತ್ತಾ ಸಣಕಲಾಗಿ ಉದ್ದ ಬೆಳೆದು ಹೂ ನಿಲ್ಲಿಸುತ್ತದೆ. ಎಷ್ಟು ಗೊಬ್ಬರ ಸುರಿದರೂ ಇದು ಸರಿಹೋಗದು. ಅಲ್ಲಿಗೆ ವೀಳ್ಯದೆಲೆ ಬಳ್ಳಿ, ಕೆಸುವು, ಜರಿಗಿಡ ಒಗ್ಗುತ್ತವೆ. ದಾಸವಾಳ, ಮಲ್ಲಿಗೆ, ಕರಿಬೇವಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುವ ಮೂಲೆಯನ್ನೇ ಮೀಸಲಿಡಿ.

ಮಣ್ಣೆಂದು ಕಾಣುವುದರ ಕೆಳಗೆ ಗಾರೆ, ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ ಇರುತ್ತವೆ. ಒಂದು ಹಿಡಿ ಮಣ್ಣಿಗೆ ವಿನಿಗರ್ ಹಾಕಿ. ನೊರೆ ಬಂದರೆ ಸುಣ್ಣದಂಶ ಇದೆ ಎಂದರ್ಥ. ಇಂಥ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಕೇಪಳ ಗಿಡ ನೋಡಿದರೆ ಸಾಕು: ಎಳೆ ಎಲೆ ಹಳದಿ, ನರಗಳು ಮಾತ್ರ ಹಸಿರು. ಒಂದೂವರೆ ಅಡಿ ಆಳಕ್ಕೆ ಅಗೆದು ಈ ಮಣ್ಣನ್ನೇ ತೆಗೆದುಬಿಡಿ. ಎರಡು ಬುಟ್ಟಿ ಕೆಮ್ಮಣ್ಣು, ಒಂದು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಬುಟ್ಟಿ ಮರಳು ಬೆರೆಸಿ ತುಂಬಿ. ಹಸಿ ಸಗಣಿ ಬೇಡ, ಅದು ಬೇರು ಸುಡುತ್ತದೆ. ತುಂಬಿದ ಮಣ್ಣು ಒಂದು ಮಳೆಗಾಲದಲ್ಲಿ ಕುಸಿಯುತ್ತದೆ, ಎರಡು ಇಂಚು ಹೆಚ್ಚೇ ಇರಲಿ.

ತುಂಬುವ ಮೊದಲು ಒಂದು ಅಡಿ ಗುಂಡಿಗೆ ನೀರು ಹಾಕಿ, ಇಂಗಿದ ಮೇಲೆ ಮತ್ತೆ ತುಂಬಿಸಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ನೆಲದಲ್ಲಿ ನೆಡದೆ ಎತ್ತರದ ಮಡಿ ಕಟ್ಟಿಸಿ.

ಗೋಡೆಗೆ ಮಣ್ಣು ಆನಿಸುವುದು ನಾವು ಮತ್ತೆ ಮತ್ತೆ ಕಾಣುವ ತಪ್ಪು. ಒಳಗೋಡೆಯ ಬಣ್ಣ ತೇವಕ್ಕೆ ಉಬ್ಬಿ ಉದುರತೊಡಗಿದಾಗಷ್ಟೇ ಅದು ಗೊತ್ತಾಗುತ್ತದೆ. ಮಡಿಯ ಮೇಲ್ಮಟ್ಟ ಮನೆಯ ಪ್ಲಿಂತ್‌ಗಿಂತ (ಗೋಡೆ ಏಳುವ ಅಡಿಗಟ್ಟಿನ ಮಟ್ಟ) ಅರ್ಧ ಅಡಿಯಾದರೂ ಕೆಳಗಿರಬೇಕು. ಗೋಡೆಗೂ ಮಡಿಗೂ ನಡುವೆ ಒಂದು ಅಡಿ ಜಲ್ಲಿ ಹರವಿ. ಕಲ್ಲು ಹಾಸಿದ ಕಡೆ ಪ್ರತಿ 10 ಅಡಿಗೆ ಒಂದೂಕಾಲು ಇಂಚು ಇಳಿಜಾರು ಗೋಡೆಯಿಂದ ಹೊರಕ್ಕೆ ಬರಲಿ.

ಆಲ, ಅತ್ತಿ, ಗುಲ್‌ಮೊಹರ್ ಇಷ್ಟು ಜಾಗಕ್ಕೆ ಖಂಡಿತ ಬೇಡ. ಚರಂಡಿ ಚೇಂಬರ್ ಮುಚ್ಚಳದ ಮೇಲೆ ಮಣ್ಣು ಬೇಡವೇ ಬೇಡ. ಸಂಪ್ ತೊಳೆಯುವವರು ಬಕೆಟ್ ಹಿಡಿದು ಓಡಾಡಲು ಎರಡೂವರೆ ಅಡಿ ದಾರಿ ಬಿಟ್ಟು, ಉಳಿದದ್ದರಲ್ಲಿ ಮಡಿ ಗುರುತು ಹಾಕಿ.