ಮರದ ಹೆಂಚಿನ ಚರ್ಚ್: ಹಳೇ ಕೈಕೆಲಸ, ಹೊಸ ರೂಪ

ಫಿನ್‌ಲ್ಯಾಂಡಿನ ಉತ್ತರ ಓಸ್ಟ್ರೊಬಾತ್ನಿಯಾದಲ್ಲಿ ಕ್ಯಾರ್ಸ್ಯಾಮ್ಯಾಕಿ ಅನ್ನುವ ಸಣ್ಣ ಊರಿದೆ. ಅಲ್ಲಿನ ಲೂಥರನ್ ಸಭೆಗೆ (ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡದ ಸ್ಥಳೀಯ ಸಮುದಾಯಕ್ಕೆ) 1765ರಲ್ಲಿ ಕಟ್ಟಿದ ಮರದ ಚರ್ಚ್ ಇತ್ತು. 1841ರಲ್ಲಿ ಅದನ್ನು ಕೆಡವಿದರು. ಒಂದೂವರೆ ಶತಮಾನ ಕಳೆದ ಮೇಲೆ, ಅದನ್ನೇ ಮತ್ತೆ ಕಟ್ಟೋಣ ಅಂತ ಸಭೆಯವರು ಹೊರಟರು. ಆದರೆ ಹಳೇ ಚರ್ಚಿನ ನಕ್ಷೆಯೇ ಉಳಿದಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಸುಮ್ನೆ ಊಹೆ ಮಾಡಿ, ಹಳೆಯದರ ಹಾಗೆ ಕಾಣುವ ಒಂದು ಚರ್ಚ್ ಕಟ್ಟಿಬಿಡಬಹುದಿತ್ತು, ಅಲ್ವಾ? ಅವರು ಹಾಗೆ ಮಾಡಲಿಲ್ಲ. ರೂಪ ಇವತ್ತಿನದಾಗಿರಲಿ, ಕಟ್ಟುವ ಕೆಲಸ 18ನೇ ಶತಮಾನದ ರೀತಿಯಲ್ಲೇ ನಡೆಯಲಿ ಅಂತ ತೀರ್ಮಾನಿಸಿದರು. ಔಲು ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿದ್ಯಾರ್ಥಿಗಳಿಗೆ ಸ್ಪರ್ಧೆ ಇಟ್ಟರು. ಗೆದ್ದದ್ದು ಆನ್ಸಿ ಲಾಸಿಲಾ ಅವರ ವಿನ್ಯಾಸ. 2004ರಲ್ಲಿ ಚರ್ಚ್ ಸಿದ್ಧವಾಯಿತು. ಹಾಗಾಗಿ ಇದನ್ನು ‘ಪುನರ್ನಿರ್ಮಾಣ’ ಅಂತ ಬರೆದುಕೊಳ್ಳಬೇಡಿ.

ಕಟ್ಟಡಕ್ಕೆ ಎರಡು ಪದರ. ಒಳಗೆ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿದ ಪ್ರಾರ್ಥನೆಯ ಕೋಣೆ. ಸುತ್ತಲೂ ಮರದ ಹೆಂಚು ಹೊದ್ದ ಕಪ್ಪು ಹೊರಮೈ. ನಡುವಿನ ಜಾಗದಲ್ಲಿ ಪಾದ್ರಿಯ ಕೋಣೆ, ಉಗ್ರಾಣ, ಒಳಗೆ ಹೋಗುವ ದಾರಿ.

ನನಗೆ ಜಾಸ್ತಿ ಹಿಡಿಸಿದ್ದು ಆ ಹೆಂಚು. ಚರ್ಚಿಗೆ ‘ಪಾನುಕಿರ್ಕ್ಕೊ’ ಅಂತ ಹೆಸರು ಬಂದದ್ದೇ ಅದರಿಂದ. ‘ಪಾನು’ ಅಂದರೆ ಮರದ ಹೆಂಚು. ಆಸ್ಪೆನ್ ಮರದಿಂದ ಕೈಯಲ್ಲೇ ಸೀಳಿ ಮಾಡಿದ ಸುಮಾರು 50,000 ಹೆಂಚುಗಳಿವೆ. ಸೌದೆ ಒಡೆದವರಿಗೆ ಇದರ ಗುಟ್ಟು ಬೇಗ ಹಿಡಿಯುತ್ತದೆ. ಕೊಡಲಿ ಏಟು ಬಿದ್ದರೆ ಮರ ತನ್ನ ಎಳೆಯ ಉದ್ದಕ್ಕೇ ಬಿಟ್ಟುಕೊಳ್ಳುತ್ತದೆ. ಗರಗಸ ಹಾಗಲ್ಲ, ಎಳೆಯನ್ನು ಅಲ್ಲಲ್ಲಿ ಕಡಿಯುತ್ತದೆ. ಕಡಿದ ತುದಿಗಳಿಂದ ನೀರು ಒಳಗಿಳಿಯುತ್ತದೆ. ಸೀಳಿದ ಹೆಂಚಿನ ಮೇಲೆ ಬಿದ್ದ ಮಳೆ ಎಳೆ ಹಿಡಿದು ಜಾರಿಹೋಗುತ್ತದೆ.

ಮೇಲಿಂದ ಟಾರಿನ ಲೇಪ ಬೇರೆ. ಇದು ರಸ್ತೆಗೆ ಹಾಕುವ ಡಾಂಬರಲ್ಲ. ಪೈನ್ ಮರವನ್ನು ಗಾಳಿ ಆಡದ ಹಾಗೆ ಮುಚ್ಚಿ, ನಿಧಾನವಾಗಿ ಸುಟ್ಟಾಗ ಇಳಿಯುವ ಕಪ್ಪು ಅಂಟು. ಒಂದು ಕಾಲದಲ್ಲಿ ಈ ಸೀಮೆಯ ಟಾರು ಹಡಗುಗಳಿಗೆ ಬಳಿಯಲು ಯುರೋಪಿನ ಬಂದರುಗಳಿಗೆ ಹೋಗುತ್ತಿತ್ತು. ಅಂದರೆ ಆ ಕಪ್ಪು ಬಣ್ಣ ಚಂದಕ್ಕೆ ಆರಿಸಿದ್ದಷ್ಟೇ ಅಲ್ಲ, ಆ ನೆಲದ್ದೇ ಕಸುಬು.

ಹೊರಗಿನ ಕಪ್ಪು ದಾಟಿ, ನಡುವಿನ ಮಬ್ಬಿನಲ್ಲಿ ನಾಲ್ಕು ಹೆಜ್ಜೆ ಹಾಕಿ ಒಳಗೆ ಬಂದರೆ ತಿಳಿಬಣ್ಣದ ಬರೀ ಮರ. ಬಣ್ಣ ಬಳಿದಿಲ್ಲ. ಹಗಲು ಬೆಳಕು ಬರುವುದು ಚಾವಣಿಯ ತುದಿಯ ಬೆಳಕಿಂಡಿಯಿಂದ. ಕರೆಂಟೂ ಇಲ್ಲ, ಕೋಣೆ ಬೆಚ್ಚಗಿಡುವ ಏರ್ಪಾಡೂ ಇಲ್ಲ. ಕತ್ತಲಾದರೆ ಲಾಂದ್ರದಲ್ಲಿ ಮೇಣದ ಬತ್ತಿ ಹಚ್ಚುತ್ತಾರೆ.